ಅನ್ಯೂರಿಸಂ ರಿಸರ್ಚ್‌ಗೆ ದುಡ್ಡು ಕೊಡೋರು ಯಾರು?

ನಿಮ್ಮ ತಂಗಿಯ ಮಗ ಅಮೆರಿಕದಲ್ಲಿ ನ್ಯೂರೋಸರ್ಜರಿ ರೆಸಿಡೆನ್ಸಿ, ಅಂದರೆ ಮೆದುಳಿನ ಸರ್ಜನ್ ಆಗುವ ತರಬೇತಿ, ಮಾಡುತ್ತಿದ್ದಾನೆ, ಮೆದುಳಿನ ರಕ್ತನಾಳ ಉಬ್ಬಿ ಒಡೆಯುವ ಅನ್ಯೂರಿಸಂ ಮೇಲೆ ರಿಸರ್ಚ್ ಮಾಡಬೇಕಂತೆ, ಯಾವ ಪ್ರಶಸ್ತಿಗೆ ಅರ್ಜಿ ಹಾಕಬೇಕು ಅಂತ ಕೇಳಿದ್ದೀರಿ. ನಾನು ಇಲ್ಲಿನ ಒಂದು ಮೆಡಿಕಲ್ ಸ್ಕೂಲಿನಲ್ಲಿ ಇಂಥ ಅರ್ಜಿಗಳನ್ನು ನೋಡಿ ಕಳಿಸುವ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ, ಬಜೆಟ್ ಪುಟದ ಮನುಷ್ಯ.

ಹೆಸರು ತರುವ ಪ್ರಶಸ್ತಿಯ ಹಿಂದೆ ಈಗಲೇ ಓಡುವುದು ಬೇಡ. ಮೆದುಳಿನ ರಕ್ತನಾಳದ ರಿಸರ್ಚ್‌ಗೆ ಕೊಡುವ ಗಾಲ್‌ಬ್ರೇತ್ ಪ್ರಶಸ್ತಿಯಂಥವು ಮಾಡಿ ಮುಗಿಸಿದ ಕೆಲಸಕ್ಕೆ ಸಿಗುತ್ತವೆ. ಸಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೆ. ಹೊಸ ಕೆಲಸ ಶುರುಮಾಡಲು ದುಡ್ಡು ಬೇಕಲ್ವಾ? ಅದಕ್ಕೆ ಅಮೆರಿಕದ ನ್ಯೂರೋಸರ್ಜನ್ನರ ಸಂಘಗಳ ರಕ್ತನಾಳ ವಿಭಾಗ ಕೊಡುವ ರಾಬರ್ಟ್ ಡೆಂಪ್ಸಿ ಅವಾರ್ಡ್ ಇದೆ. ಎನ್‌ಆರ್‌ಇಎಫ್ ಅನ್ನುವ ನ್ಯೂರೋಸರ್ಜರಿ ಫೌಂಡೇಶನ್‌ನ ಫೆಲೋಶಿಪ್‌ಗಳೂ ಇವೆ.

ಅನ್ಯೂರಿಸಂನಲ್ಲಿ ಇನ್ನೊಂದು ದಾರಿಯೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಈ ಕಾಯಿಲೆಯಿಂದ ನೊಂದವರೇ ಕಟ್ಟಿದ ಸಂಸ್ಥೆಗಳು. ಜೋ ನೀಕ್ರೊ ಅನ್ನುವ ಬೇಸ್‌ಬಾಲ್ ಆಟಗಾರ 2006ರಲ್ಲಿ ಅನ್ಯೂರಿಸಂನಿಂದ ತೀರಿಕೊಂಡರು. ಅವರ ಮಗಳು ಅಪ್ಪನ ಹೆಸರಿನಲ್ಲಿ ಫೌಂಡೇಶನ್ ಮಾಡಿದರು. ಬ್ರೈನ್ ಅನ್ಯೂರಿಸಂ ಫೌಂಡೇಶನ್ 1994ರಿಂದ ಇದೆ, ರಿಸರ್ಚ್ ಗ್ರಾಂಟ್ ಕೊಡುತ್ತದೆ. ಮೊತ್ತ ದೊಡ್ಡದಲ್ಲ, ಹತ್ತಾರು ಸಾವಿರ ಡಾಲರ್. ಆದರೆ ವೈದ್ಯಕೀಯ ರಿಸರ್ಚ್‌ಗೆ ದುಡ್ಡು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ಎನ್‌ಐಎಚ್ ಮುಂದೆ ಹೋದಾಗ ಮೊದಲು ಕೇಳುವುದೇ "ಏನಾದರೂ ಡೇಟಾ ಇದೆಯಾ?" ಅಂತ. ಆ ಮೊದಲ ಡೇಟಾ ಹುಟ್ಟುವುದು ಈ ಚಿಲ್ಲರೆ ಗ್ರಾಂಟ್‌ನಲ್ಲೇ.

ಚಿಲ್ಲರೆ ಅಂದೆನಲ್ಲ, ಅದು ಎಷ್ಟು ಬೇಗ ಕರಗುತ್ತದೆ ನೋಡಿ. ಇಲಿಯಲ್ಲಿ ಅನ್ಯೂರಿಸಂ ಬರಿಸಬೇಕಾದರೆ ಬಿಪಿ ಏರಿಸಬೇಕು, ಮೆದುಳಿನ ಸುತ್ತಲಿನ ದ್ರವಕ್ಕೆ ಎಲಾಸ್ಟೇಸ್ ಅನ್ನುವ ಕಿಣ್ವ ಚುಚ್ಚಬೇಕು, ಆಮೇಲೆ ವಾರಗಟ್ಟಲೆ ಕಾಯಬೇಕು. ಕಾಯುವಷ್ಟು ದಿನವೂ ಪಂಜರಕ್ಕೆ ದಿನಬಾಡಿಗೆ. ಹೊಸಬರ ಬಜೆಟ್‌ನಲ್ಲಿ ಮೈಕ್ರೋಸ್ಕೋಪು, ಆಂಟಿಬಾಡಿ ಎಲ್ಲಾ ಇರುತ್ತದೆ, ಪಂಜರದ ಬಾಡಿಗೆ ಇರುವುದಿಲ್ಲ! ಇನ್ನೊಂದು, ಕಾಲೇಜು ತನ್ನ ಕರೆಂಟು, ಕಟ್ಟಡ, ಆಫೀಸಿನ ಖರ್ಚು ಅಂತ ಗ್ರಾಂಟ್‌ನ ಮೇಲೆ ಇಂತಿಷ್ಟು ಪರ್ಸೆಂಟ್ ಕೇಳುತ್ತದೆ. ಎನ್‌ಐಎಚ್ ಅದನ್ನು ಬೇರೆಯಾಗಿ ಕೊಡುತ್ತದೆ. ಎಷ್ಟೋ ಸಣ್ಣ ಫೌಂಡೇಶನ್‌ಗಳು ಒಂದು ಡಾಲರೂ ಕೊಡುವುದಿಲ್ಲ. ಅರ್ಜಿ ಬರೆಯುವ ಮೊದಲೇ ಅವನು ತನ್ನ ಡಿಪಾರ್ಟ್‌ಮೆಂಟಿನಲ್ಲಿ ಈ ಮಾತು ಇತ್ಯರ್ಥ ಮಾಡಿಕೊಳ್ಳಲಿ. ಕೊನೇ ದಿನ ಸಹಿಗೆ ಬಂದವರ ಜೊತೆ ನಮ್ಮಂಥವರು ಜಗಳ ಆಡುವುದು ಇದಕ್ಕೇ.

ಎನ್‌ಐಎಚ್‌ನಲ್ಲಿ ಮೆದುಳು, ನರ, ಪಾರ್ಶ್ವವಾಯು ನೋಡಿಕೊಳ್ಳುವ ವಿಭಾಗ ಎನ್‌ಐಎನ್‌ಡಿಎಸ್. ರೆಸಿಡೆನ್ಸಿ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಕೆ08, ಕೆ23 ಅಂತ ಗ್ರಾಂಟ್‌ಗಳಿವೆ. ಲ್ಯಾಬ್ ಕೆಲಸಕ್ಕೆ ಕೆ08, ರೋಗಿಗಳ ಜೊತೆಗಿನ ರಿಸರ್ಚ್‌ಗೆ ಕೆ23. ಇವು ಕೊಡುವುದು ದುಡ್ಡಿಗಿಂತ ಹೆಚ್ಚಾಗಿ ಸಮಯವನ್ನು. ಸಾಮಾನ್ಯವಾಗಿ ಕೆಲಸದ ಸಮಯದ 75 ಪರ್ಸೆಂಟ್ ರಿಸರ್ಚ್‌ಗೆ ಇಡಬೇಕು. ಸರ್ಜನ್ ಅಷ್ಟು ದಿನ ಆಪರೇಷನ್ ಬಿಟ್ಟರೆ ಕೈ ಜಡ್ಡುಗಟ್ಟುತ್ತದೆ ಅಂತ ನ್ಯೂರೋಸರ್ಜನ್ನರಿಗೆ 50ಕ್ಕೆ ಇಳಿಸಿದ್ದಾರೆ. ಆ 50 ಕೂಡ ಕಾಗದದ ಮೇಲೆ ಸುಲಭ. ಆಪರೇಷನ್‌ನಿಂದ ಬರುವ ಆದಾಯ ಬಿಡಲು ಡಿಪಾರ್ಟ್‌ಮೆಂಟಿನ ಮುಖ್ಯಸ್ಥರು ಒಪ್ಪಬೇಕಲ್ಲ? ಅವರ ಪತ್ರದಲ್ಲಿ "ಬೆಂಬಲವಿದೆ" ಅಂತ ಸುಮ್ನೆ ಬರೆದಿದ್ದರೆ ಸಾಲದು. ವಾರದಲ್ಲಿ ಯಾವ ದಿನ ಅವನಿಗೆ ಆಪರೇಷನ್ ಇರುವುದಿಲ್ಲ ಅಂತ ಬರೆಸಿಕೊಳ್ಳಲಿ.

ಇವೆಲ್ಲಾ ದಾಟಿದ ಮೇಲೆ ಆರ್01, ಅಂದರೆ ಸ್ವಂತವಾಗಿ ರಿಸರ್ಚ್ ನಡೆಸುವವರಿಗೆ ಎನ್‌ಐಎಚ್ ಕೊಡುವ ದೊಡ್ಡ ಗ್ರಾಂಟ್. ಅದರ ಸರಳ ಬಜೆಟ್ ನಮೂನೆಯಲ್ಲೇ ವರ್ಷಕ್ಕೆ 2,50,000 ಡಾಲರ್‌ವರೆಗೆ ನೇರ ಖರ್ಚು (ಕಾಲೇಜು ಕೇಳುವ ಪರ್ಸೆಂಟ್ ಬಿಟ್ಟು) ಕೇಳಬಹುದು.

ವೀಸಾ ವಿಷಯ ನೀವು ಬರೆದಿಲ್ಲ, ಆದರೆ ಅದನ್ನೇ ಮೊದಲು ನೋಡಬೇಕು. ಗ್ರೀನ್ ಕಾರ್ಡ್ ಇಲ್ಲದಿದ್ದರೆ ಕೆ08, ಕೆ23 ಎರಡೂ ಸಿಗುವುದಿಲ್ಲ. ಆರ್01ಗೆ ಆ ತಡೆ ಇಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಪಾರ್ಶ್ವವಾಯುವಿಗೂ ದುಡ್ಡು ಕೊಡುತ್ತದೆ, ಅವರ ಕೆರಿಯರ್ ಡೆವಲಪ್‌ಮೆಂಟ್ ಅವಾರ್ಡ್‌ಗೆ ಕೆಲವು ವೀಸಾಗಳು ನಡೆಯುತ್ತವೆ. ಊರಿಗೆ ವಾಪಸ್ ಬರುವ ಯೋಚನೆ ಇದ್ದರೆ ಭಾರತದಲ್ಲಿ ರಿಸರ್ಚ್‌ಗೆ ದುಡ್ಡು ಕೊಡುವ ಐಸಿಎಂಆರ್ ಮತ್ತು ಇಂಡಿಯಾ ಅಲಯನ್ಸ್ ಸಂಸ್ಥೆಗಳ ಫೆಲೋಶಿಪ್ ನೋಡಲಿ. ಯಾವ ವೀಸಾದಲ್ಲಿದ್ದಾನೆ ಅಂತ ಕಾಮೆಂಟಿನಲ್ಲಿ ತಿಳಿಸಿ, ಯಾವುದಕ್ಕೆ ಹಾಕಬಹುದು ಅಂತ ಹೇಳುತ್ತೇನೆ.