ಮುಂಬೈಯಲ್ಲಿ 3 ಮತ್ತು 5 ವರ್ಷದ ಮಕ್ಕಳನ್ನು ರಜೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಬಹುದು? ಮನೆಯಲ್ಲಿ ಯಾವ ಆಟ ಆಡಿಸಬಹುದು?

ಈ ವಯಸ್ಸಿಗೆ ಒಂದು ದಿನಕ್ಕೆ ಒಂದೇ ಜಾಗ ಸಾಕು. ನನ್ನ ಮೊದಲ ಆಯ್ಕೆ ಬೈಕಲಾದ ರಾಣಿ ಬಾಗ್ ಮೃಗಾಲಯ. ಪೆಂಗ್ವಿನ್‌ಗಳು ಈಜುವುದನ್ನು ಗಾಜಿನಾಚೆ ಹತ್ತಿರದಿಂದಲೇ ನೋಡಬಹುದು. ಹಳೇ ಮರಗಳ ನೆರಳೂ ಜಾಸ್ತಿ. ಬುಧವಾರ ರಜೆ, ಮರೆಯಬೇಡಿ. ಮಲಬಾರ್ ಹಿಲ್‌ನ ಕಮಲಾ ನೆಹರೂ ಪಾರ್ಕ್‌ನಲ್ಲಿ ದೊಡ್ಡ ಬೂಟಿನ ಆಕಾರದ ಮನೆ ಇದೆ, ಅದೂ ಚಿಕ್ಕವರಿಗೆ ಇಷ್ಟವಾಗುತ್ತದೆ.

ಜುಹೂ ಬೀಚಿಗೆ ಹೋಗುವುದಾದರೆ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಉಬ್ಬರವಾದ ಸುಮಾರು 6 ಗಂಟೆಗಳ ನಂತರ ಇಳಿತ ಬರುತ್ತದೆ. ಆಗ ಒದ್ದೆ ಮರಳು ಅಗಲವಾಗಿ ಸಿಗುತ್ತದೆ. ಏಡಿಗಳು ಮಾಡಿಟ್ಟ ಪುಟ್ಟ ಮರಳುಂಡೆಗಳನ್ನು ಹುಡುಕುವುದೇ ಒಂದು ಆಟ. ಮಳೆಗಾಲದಲ್ಲಿ ಮಾತ್ರ ಬೇಡ. ಅಲೆ ಜೋರು, ಜೊತೆಗೆ ಕುಟುಕುವ ನೀಲಿ ಬ್ಲೂಬಾಟಲ್‌ಗಳು (ಜೆಲ್ಲಿಮೀನಿನಂಥ ಕಡಲಜೀವಿಗಳು) ದಡಕ್ಕೆ ಬಂದು ಬೀಳುತ್ತವೆ. ಸತ್ತಂತೆ ಕಂಡರೂ ಮುಟ್ಟಲು ಬಿಡಬೇಡಿ.

ಮಳೆ ಹಿಡಿದ ದಿನ ಮನೆಯಲ್ಲೇ ಅಳಗುಳಿಮಣೆ ಆಡಿಸಿ. ಮಣೆ ಇಲ್ವಾ? ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಸಾಲು, ಸಾಲಿಗೆ 7 ಸೊನ್ನೆ ಬರೆಯಿರಿ. ಐದು ವರ್ಷದ ಮಗು ಒಂದೊಂದೇ ಹುಣಸೆಬೀಜ ಹಾಕುತ್ತಾ ಕನ್ನಡದಲ್ಲೇ ಎಣಿಸಲಿ. ಶಾಲೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಕೇಳುವ ನಮ್ಮ ಮಕ್ಕಳಿಗೆ ಇದು ತುಂಬಾ ಬೇಕು ಅಲ್ವಾ? ಮೂರು ವರ್ಷದವರು ಬೀಜ ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ. ಅವರಿಗೆ ಬೀಜ ಕೊಡದೆ ಕಣ್ಣಾಮುಚ್ಚಾಲೆ ಆಡಿಸಿ. ಸಣ್ಣ ಫ್ಲಾಟ್‌ನಲ್ಲೂ ಬಾಗಿಲ ಹಿಂದೆ, ಪರದೆ ಹಿಂದೆ ಅಡಗಲು ಜಾಗ ಸಿಗುತ್ತದೆ.