ಗಡ್ಡೆ ಕಳಪೆಯಲ್ಲ, ಪೆಟೂನಿಯಾ ತೆಗೆಯಿರಿ

ಎಡಿನ್‌ಬರೋದ ಅಕ್ಕನವರೇ, ನಿಮ್ಮ ಚಿತ್ರ ನೋಡಿದ ಕೂಡಲೇ ನನ್ನ ಹಳೆಯ ಕುಂಡ ಕಣ್ಣ ಮುಂದೆ ಬಂತು. ಹೋದ ವರ್ಷ ಹಳದಿ ಡ್ಯಾನ್‌ಫೋರ್ಡಿಯೆ (ಗಡ್ಡೆಯಿಂದ ಬೆಳೆಯುವ ಪುಟ್ಟ ಐರಿಸ್ ಹೂ) ತುಂಬಿದ್ದ ಕಡೆ ಈ ಸಲ ಹುಲ್ಲಿನಂಥ ಎಲೆ ಮಾತ್ರ, ಹಾಗಾಗಿ ಅಂಗಡಿ ಬದಲಿಸುತ್ತೇನೆ ಎಂದಿದ್ದೀರಿ. ಬದಲಿಸಬೇಡಿ. ಹೂ ಬಾಡಿದ ಮರುವಾರವೇ ಎಲೆ ಕತ್ತರಿಸಿ, ಮೇಲೆ ಪೆಟೂನಿಯಾ ನೆಟ್ಟು, ಬೇಸಿಗೆಯಿಡೀ ನೀರು ಹಾಕಿದೆ ಎಂದು ನೀವೇ ಬರೆದಿದ್ದೀರಲ್ಲ!

ಲೀಡ್ಸ್‌ಗೆ ಬಂದ ಹೊಸತರಲ್ಲಿ ನಾನು ಮಾಡಿದ್ದೂ ಇದನ್ನೇ, ನನ್ನದು ಬೆಗೋನಿಯಾ. ಸೆಪ್ಟೆಂಬರ್‌ನಲ್ಲಿ ಕುಂಡ ಬೋರಲು ಹಾಕಿದರೆ ಇಪ್ಪತ್ತೈದು ಗಡ್ಡೆಗಳ ಜಾಗದಲ್ಲಿ ಅಕ್ಕಿಕಾಳಿನಷ್ಟು ಮರಿಗಳು. ದೊಡ್ಡದಾಗಿ ಉಳಿದಿದ್ದ ನಾಲ್ಕೈದು ಕೊಳೆತ ಈರುಳ್ಳಿಯಂತೆ ಬೆರಳಿಗೆ ಮೆತ್ತಿಕೊಂಡವು. ಮಾರಿದವನಿಗೆ ಉದ್ದನೆಯ ದೂರು ಬರೆದು ಕಳಿಸಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ಜಾತಿಯಲ್ಲಿ ಹಳೆಯ ಗಡ್ಡೆ ಪ್ರತಿವರ್ಷ ಸವೆದುಹೋಗಿ ಹೊಸದು ಕಟ್ಟಿಕೊಳ್ಳುತ್ತದೆ. ಕಟ್ಟುವುದು ಹೂವಾದ ಮೇಲೆ ಒಂದಡಿ ಬೆಳೆಯುವ ಆ ಎಲೆಗಳಿಂದಲೇ. ಊರಲ್ಲಿ ಅರಿಶಿನದ ಎಲೆ ಒಣಗಿ ಒರಗುವ ಮುಂಚೆ ಯಾರಾದರೂ ಗಡ್ಡೆ ಕೀಳುತ್ತಾರೆಯೇ? ಇಲ್ಲಿಗೆ ಬಂದೊಡನೆ ನಮಗೆ ಅಂದದ ಹುಚ್ಚು, ಕೈಯಲ್ಲಿ ಕತ್ತರಿ. ನೀರಿನ ವಿಷಯವೂ ಅಷ್ಟೇ. ಇದು ಟರ್ಕಿಯ ಟಾರಸ್ ಬೆಟ್ಟಗಳ ಗಿಡ. ಹಿಮ ಕರಗುವ ನೀರಿನಲ್ಲಿ ಹೂ ಬಿಡುತ್ತದೆ, ಬೇಸಿಗೆಯಲ್ಲಿ ಒಣಮಣ್ಣಿನೊಳಗೆ ಮಲಗುತ್ತದೆ.

ಈಗ ನಾನು ಮಾಡುವುದು ಹೀಗೆ. ಆಳದ ಮಣ್ಣಿನ ಕುಂಡ, ಪ್ಲಾಸ್ಟಿಕ್ ಬೇಡ. ಅರ್ಧದಷ್ಟು ಚೂಪು ಜಲ್ಲಿಪುಡಿ. ಚೀಟಿಯಲ್ಲಿ ಏನೇ ಇರಲಿ, ಗಡ್ಡೆಯ ಮೇಲೆ 15 ಸೆಂಟಿಮೀಟರ್ ಮಣ್ಣು. ಆಳಕ್ಕೆ ಹೋದರೆ ಒಡೆದು ಮರಿಯಾಗುವುದು ಕಡಿಮೆ. ನಿಂತೇಹೋಗುತ್ತದೆ ಎನ್ನುವವರನ್ನು ನಂಬಬೇಡಿ, ಡ್ಯಾನ್‌ಫೋರ್ಡಿಯೆ ಒಡೆಯುವ ಜಾತಿಯೇ. ಹೂ ಹೋದಂದಿನಿಂದ ಎಲೆ ಹಳದಿಯಾಗುವವರೆಗೆ ಹದಿನೈದು ದಿನಕ್ಕೊಮ್ಮೆ ಟೊಮೊರೈಟ್ ಎಂಬ ದ್ರವಗೊಬ್ಬರ, ಅರ್ಧ ಪ್ರಮಾಣ. ಟೊಮೆಟೊ ಗೊಬ್ಬರ ಹೂವಿಗೇಕೆ ಎಂದು ನನ್ನವರು ಈಗಲೂ ನಗುತ್ತಾರೆ, ಆದರೆ ಗಡ್ಡೆ ಕಟ್ಟಲು ಬೇಕಿರುವುದು ಅದರಲ್ಲಿರುವ ಪೊಟ್ಯಾಷ್. 'ಗಡ್ಡೆಗಳಿಗೆಂದೇ' ಎಂದು ಬರೆದ ದುಬಾರಿ ಡಬ್ಬಿಗಳಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ಎಲೆ ಪೂರ್ತಿ ಒಣಗಿದ ಮೇಲೆ ಕುಂಡವನ್ನು ಸೂರಿನ ಕೆಳಗೆ ಅಡ್ಡ ಮಲಗಿಸಿಬಿಡುತ್ತೇನೆ. ನಿಂತಿದ್ದರೆ ಯಾರಾದರೂ ನೀರು ಹಾಕುತ್ತಾರೆ. ನಮ್ಮ ಅತ್ತೆ ಬಂದಿದ್ದಾಗ ಹಾಗೇ ಆಯಿತು, ಪಾಪ.

ನಿಮ್ಮ ಕುಂಡದ ಮರಿಗಳನ್ನು ಎಸೆಯಬೇಡಿ. ಬೇರೆ ಕುಂಡದಲ್ಲಿ ಇದೇ ಆರೈಕೆ ಕೊಡಿ. ನನ್ನವು ಮೂರು ವರ್ಷ ತೆಗೆದುಕೊಂಡವು, ಎಲ್ಲವೂ ಹೂ ಬಿಡಲಿಲ್ಲ. ಬಲೆಯಂಥ ಸಿಪ್ಪೆಯ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಕಲೆಯಿರುವ ಗಡ್ಡೆಯನ್ನು ಮಾತ್ರ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಅದು ಶಿಲೀಂಧ್ರ, ಹರಡುತ್ತದೆ.

ಒಣಗಿಸುವ ಮಾತನ್ನು ವಿನೊಗ್ರಾಡೊವಿಯೈ ಎಂಬ ಇನ್ನೊಂದು ಐರಿಸ್‌ಗೆ ಅನ್ವಯಿಸಬೇಡಿ. ಅದೂ ಹಳದಿಯೇ, ಆದರೆ ಕಾಕಸಸ್ ಬೆಟ್ಟಗಳ ಹಸಿ ಹುಲ್ಲುಗಾವಲಿನದು. ಬೇಸಿಗೆಯಲ್ಲಿ ಒಣಗಿಸಿದರೆ ಸತ್ತೇಹೋಗುತ್ತದೆ. ಇಷ್ಟೆಲ್ಲ ತಾಪತ್ರಯ ಬೇಡವಾದರೆ ನೀಲಿ 'ಹಾರ್ಮನಿ' ಅಥವಾ 'ಕ್ಯಾಥರೀನ್ ಹಾಜ್‌ಕಿನ್' ಎಂಬ ಐರಿಸ್ ತಳಿ ತನ್ನಿ, ಎರಡೂ ವರ್ಷ ವರ್ಷ ಮರಳಿ ಬರುತ್ತವೆ. ಎರಡನೆಯದರ ಬಣ್ಣ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು.

ಬೆಂಗಳೂರಿನಲ್ಲಿ ಬೆಳೆಯಬಹುದೇ ಎಂದು ಮೇಲೆ ಕೇಳಿದವರಿಗೆ: ಮೂರು ತಿಂಗಳು ಫ್ರಿಜ್‌ನಲ್ಲಿಟ್ಟು ಚಳಿ ಕೊಟ್ಟರೆ ಒಮ್ಮೆ ಹೂ ಕಂಡೀತು, ಎರಡನೇ ವರ್ಷದ ಆಸೆ ಬೇಡ. ಆದರೆ ಫ್ರಿಜ್‌ನಲ್ಲಿ ಗಡ್ಡೆಯ ಜೊತೆ ಸೇಬು ಇಡಬೇಡಿ. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯಬಹುದು.