ಸಲೂನ್‌ನಲ್ಲಿ ಕೆಲಸ ಸರಿಯಾಗಿ ಮಾಡದ ಹುಡುಗನನ್ನು ಬಿಡಿಸುವುದು ಹೇಗೆ?

ಎಂಟು ತಿಂಗಳಿಂದ ಇರುವ ಹುಡುಗನ ಕಟಿಂಗ್ ಬಗ್ಗೆ ಗಿರಾಕಿಗಳ ದೂರು, ನಾಳೆಯಿಂದಲೇ ಬರಬೇಡ ಎನ್ನಬಹುದೇ ಎಂದು ಕೇಳಿದ್ದೀರಿ. ಕರ್ನಾಟಕದಲ್ಲಿ ಸುಮ್ಮನೆ ಹಾಗೆ ಮಾಡುವಂತಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು. ಜೊತೆಗೆ ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ನೋಟಿಸ್ ಬೇಕಿಲ್ಲ. ಆದರೆ ಕೈ ಪಳಗದಿರುವುದು ದುರ್ನಡತೆಯಲ್ಲ.

ನನ್ನ ಮಾತು ಕೇಳುವುದಾದರೆ, ಅಂಗಡಿ ಖಾಲಿಯಿರುವ ಹೊತ್ತಲ್ಲಿ ಕೂರಿಸಿಕೊಂಡು ತಪ್ಪು ಎಲ್ಲಾಗುತ್ತಿದೆ ಎಂದು ಬಿಡಿಸಿ ಹೇಳಿ. ದಿನಾಂಕ ಹಾಕಿ ಬರೆದಿಟ್ಟು ಅವನ ಸಹಿ ಪಡೆಯಿರಿ. ಒಂದು ತಿಂಗಳು ಪಕ್ಕದಲ್ಲೇ ನಿಂತು ಕಲಿಸಿ. ಆಮೇಲೂ ಆಗದಿದ್ದರೆ ನೋಟಿಸ್ ಕೊಟ್ಟು, ಬಾಕಿ ಸಂಬಳ ಪೂರ್ತಿ ಚುಕ್ತಾ ಮಾಡಿ. ಗಿರಾಕಿಗಳೆದುರು ಬೈದು ಮಾತ್ರ ಕಳಿಸಬೇಡಿ. ಅವನು ಇದೇ ಊರಲ್ಲಿ ಇನ್ನೊಂದು ಕಡೆ ಕತ್ತರಿ ಹಿಡಿಯಬೇಕು.